ತೇವ ಇದ್ದರೂ ವಾಲ್ವ್ ತೆರೆಯುತ್ತಿದೆ: ಡ್ರಿಪ್ ಕಂಟ್ರೋಲರ್‌ನ ಸಿಗ್ನಲ್ ದೋಷ ಹುಡುಕುವ ಕ್ರಮ

ಗಿಡದ ಬುಡಕ್ಕೆ ಬೆರಳು ಹಾಕಿದರೆ ಮಣ್ಣು ಅಂಟುತ್ತದೆ. ಕಂಟ್ರೋಲರ್ ಮಾತ್ರ ಶೇ 25 ಎಂದು ತೋರಿಸಿ ಮತ್ತೆ ನೀರು ಬಿಡುತ್ತದೆ. ಇನ್ನೊಂದು ತೋಟದಲ್ಲಿ ಎಲೆ ಬಾಡಿದ್ದರೂ ಪರದೆಯಲ್ಲಿ ಶೇ 80. ಎರಡೂ ಕಡೆ ಜನ ಮೊದಲು ಮಾಡುವ ಕೆಲಸ ಒಂದೇ: ಪ್ರೋಗ್ರಾಂನಲ್ಲಿ ಎಷ್ಟು ರೀಡಿಂಗ್ ಸೇರಿಸಿ ಸರಾಸರಿ ತೆಗೆಯಬೇಕೆಂಬ ಸಂಖ್ಯೆಯನ್ನು 10ರಿಂದ 50ಕ್ಕೆ, 50ರಿಂದ 200ಕ್ಕೆ ಏರಿಸುವುದು. ಕುಣಿಯುತ್ತಿದ್ದ ರೀಡಿಂಗ್ ಆಗ ನಿಲ್ಲುತ್ತದೆ, ಆದರೆ ದೋಷ ಹಾಗೇ ಉಳಿದು ಕಣ್ಣಿಗೆ ಕಾಣದಂತಾಗುತ್ತದೆ. ನೀರು ಪೋಲಾಗುವುದು ಆಮೇಲೆಯೇ ಹೆಚ್ಚು.

ಇಲ್ಲಿ ಹೇಳುವುದು ಈ ಜೋಡಣೆಗೆ: ಕೆಪಾಸಿಟಿವ್ ತೇವ ಸೆನ್ಸರ್ (ಮಾರುಕಟ್ಟೆಯಲ್ಲಿ ವಿ1.2 ಎಂದು ಸಿಗುವ ಕಪ್ಪು ಬೋರ್ಡ್), ಇಎಸ್‌ಪಿ32 (ವೈಫೈ ಇರುವ ಪುಟ್ಟ ಕಂಟ್ರೋಲರ್ ಬೋರ್ಡ್), 12 ವೋಲ್ಟ್‌ನ ಲ್ಯಾಚಿಂಗ್ ಸೊಲೆನಾಯ್ಡ್ ವಾಲ್ವ್ (ಒಂದು ಪಲ್ಸ್‌ಗೆ ತೆರೆದು, ಉಲ್ಟಾ ಪಲ್ಸ್‌ಗೆ ಮುಚ್ಚುವಂಥದ್ದು), ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದಾಗ ಮುಚ್ಚುವ ಸ್ವಿಚ್) ಇರುವ ನೀರಿನ ಮೀಟರ್, 16 ಮಿ.ಮೀ. ಲ್ಯಾಟರಲ್‌ಗಳ ಡ್ರಿಪ್. ಬೇಕಾದ ಸಾಮಾನು ಕಡಿಮೆ: ಮಲ್ಟಿಮೀಟರ್, 1.5 ವೋಲ್ಟ್‌ನ ಒಂದು ಪೆನ್ಸಿಲ್ ಸೆಲ್, ಒಂದು ಲೋಟ ನೀರು, ಲ್ಯಾಪ್‌ಟಾಪ್. ಒಂದು ಮಾತು ಮೊದಲೇ ನೆನಪಿರಲಿ. ಈ ಸೆನ್ಸರ್‌ನಲ್ಲಿ ತೇವ ಹೆಚ್ಚಿದಂತೆ ವೋಲ್ಟೇಜ್ ಇಳಿಯುತ್ತದೆ. ಸಾಮಾನ್ಯವಾಗಿ ಒಣ ಗಾಳಿಯಲ್ಲಿ 2 ವೋಲ್ಟ್‌ಗಿಂತ ಮೇಲೆ, ನೀರಿನಲ್ಲಿ 1ರಿಂದ 1.5ರ ನಡುವೆ ಇರುತ್ತದೆ.

ಮೊದಲು ಸೆಲ್ ಪರೀಕ್ಷೆ

ಸೆನ್ಸರ್‌ನ ಔಟ್‌ಪುಟ್ ವೈರ್ ಬಿಚ್ಚಿ, ಅದು ಸೇರಿದ್ದ ಇಎಸ್‌ಪಿ32ರ ಪಿನ್ನಿಗೆ ಪೆನ್ಸಿಲ್ ಸೆಲ್‌ನ ಪ್ಲಸ್, ಗ್ರೌಂಡ್‌ಗೆ ಮೈನಸ್ ಕೊಡಿ. ಸೆಲ್‌ನ ವೋಲ್ಟೇಜ್ ಅಲುಗುವುದಿಲ್ಲ. ಪಂಪ್ ನಿಲ್ಲಿಸಿ ಒಮ್ಮೆ, ಓಡಿಸಿ ಒಮ್ಮೆ, ತಲಾ ಐದು ನಿಮಿಷ ಯಾವ ಫಿಲ್ಟರೂ ಇಲ್ಲದ ಕಚ್ಚಾ ರೀಡಿಂಗ್ ಬರೆದಿಡಿ.

ಸೆಲ್ ಇದ್ದಾಗಲೂ ರೀಡಿಂಗ್ ಕುಣಿದರೆ ತಪ್ಪು ಬೋರ್ಡ್, ಪವರ್ ಅಥವಾ ಓದುವ ಕ್ರಮದಲ್ಲಿದೆ. ಸೆನ್ಸರ್ ಬದಲಿಸಿ ದುಡ್ಡು ಕಳೆಯಬೇಡಿ. ಸೆಲ್‌ನಲ್ಲಿ ಸ್ಥಿರವಾಗಿದ್ದು ಸೆನ್ಸರ್ ಹಾಕಿದಾಗ ಮಾತ್ರ ಕುಣಿದರೆ ಸೆನ್ಸರ್, ಅದರ ವೈರ್ ಅಥವಾ ಮಣ್ಣು. ಪಂಪ್ ಓಡುವಾಗ ಮಾತ್ರ ಕುಣಿದರೆ ಕರೆಂಟ್ ಲೈನಿನ 50 ಹರ್ಟ್ಜ್‌ನ ಸಮಸ್ಯೆ, ಅದು ಮುಂದೆ ಬರುತ್ತದೆ. ಹತ್ತು ನಿಮಿಷದ ಈ ಪರೀಕ್ಷೆ ಮಾಡದೆ ಮುಂದಿನ ಯಾವ ಹೆಜ್ಜೆಗೂ ಹೋಗಬೇಡಿ.

ಬೋರ್ಡ್ ಕಡೆ ತಪ್ಪು ಕಂಡರೆ ಪಿನ್ ಯಾವುದು ನೋಡಿ. ಇಎಸ್‌ಪಿ32ರಲ್ಲಿ ಎರಡು ಎಡಿಸಿಗಳಿವೆ (ವೋಲ್ಟೇಜನ್ನು ಸಂಖ್ಯೆಯಾಗಿಸುವ ಭಾಗಗಳು). ವೈಫೈ ಚಾಲೂ ಇದ್ದಾಗ ಎರಡನೆಯದನ್ನು ಓದಲಾಗದು. ಸೆನ್ಸರ್ ಅನ್ನು 32ರಿಂದ 39ರವರೆಗಿನ ಪಿನ್‌ಗಳಲ್ಲೇ ಜೋಡಿಸಿ, ವೈಫೈ ಶುರುವಾಗುವ ಮೊದಲೇ ಓದಿ ಮುಗಿಸಿ. ಪಿನ್ ಮತ್ತು ಗ್ರೌಂಡ್ ನಡುವೆ 100 ನ್ಯಾನೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಇರಲಿ, ಅದೂ ಪಿನ್ನಿನ ಪಕ್ಕದಲ್ಲೇ. ಈ ಎಡಿಸಿ ತನ್ನ ಅಳತೆಯ ಎರಡು ತುದಿಗಳಲ್ಲಿ, ಅಂದರೆ 0.1 ವೋಲ್ಟ್‌ನ ಕೆಳಗೆ ಮತ್ತು 3.1 ವೋಲ್ಟ್‌ನ ಮೇಲೆ, ಸರಿಯಾಗಿ ಅಳೆಯುವುದಿಲ್ಲ. 0ರಿಂದ 4095ರ ಕಚ್ಚಾ ಎಣಿಕೆಯ ಬದಲು, ಚಿಪ್‌ನಲ್ಲೇ ಬರೆದಿರುವ ಕ್ಯಾಲಿಬ್ರೇಶನ್ ಬಳಸಿ ಮಿಲಿವೋಲ್ಟ್ ಕೊಡುವ ಫಂಕ್ಷನ್ ಉಪಯೋಗಿಸಿದರೆ ಒಂದು ಬೋರ್ಡ್‌ಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ತಗ್ಗುತ್ತದೆ.

ಸೆನ್ಸರ್ ಬೋರ್ಡ್‌ನ ಮೂರು ಹಳೇ ರೋಗ

ಅತಿ ಹೆಚ್ಚು ನೀರು ಪೋಲು ಮಾಡುವ ದೋಷ ಇಲ್ಲಿದೆ. ಸೆನ್ಸರ್‌ನ ಔಟ್‌ಪುಟ್‌ನಲ್ಲಿ ಡಯೋಡ್ ಮೂಲಕ ಒಂದು ಕೆಪಾಸಿಟರ್ ತುಂಬಿಕೊಳ್ಳುತ್ತದೆ, 1 ಮೆಗಾ ಓಮ್‌ನ ರೆಸಿಸ್ಟರ್ ಮೂಲಕ ಖಾಲಿಯಾಗುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಆ ರೆಸಿಸ್ಟರ್‌ನ ಒಂದು ತುದಿ ಗ್ರೌಂಡ್‌ಗೆ ಸೇರಿಯೇ ಇರುವುದಿಲ್ಲ. ಪರಿಣಾಮ ಏನು ನೋಡಿ: ಒಣಗುವಾಗ ವೋಲ್ಟೇಜ್ ಏರಬೇಕು, ಅದು ಡಯೋಡ್ ಮೂಲಕ ಥಟ್ಟನೆ ಏರುತ್ತದೆ. ನೀರು ಬಂದಾಗ ಇಳಿಯಬೇಕು, ಖಾಲಿಯಾಗಲು ದಾರಿಯಿಲ್ಲದೆ ತೆವಳಿಕೊಂಡು ಇಳಿಯುತ್ತದೆ. ನೀರು ಬಿಟ್ಟು ಬಹಳ ಹೊತ್ತಾದರೂ ಕಂಟ್ರೋಲರ್‌ಗೆ ಮಣ್ಣು ಒಣಗಿದಂತೆಯೇ ಕಾಣುತ್ತದೆ.

ಪರೀಕ್ಷೆ ಸುಲಭ. ಪವರ್ ತೆಗೆದು ಔಟ್‌ಪುಟ್ ಮತ್ತು ಗ್ರೌಂಡ್ ನಡುವೆ ಮೀಟರ್ ಹಿಡಿಯಿರಿ; 1 ಮೆಗಾ ಓಮ್ ಆಸುಪಾಸು ಬಂದರೆ ಸರಿ, ಓಪನ್ ತೋರಿಸಿದರೆ ರೋಗ ಇದೇ. ಮೀಟರ್ ಇಲ್ಲದಿದ್ದರೆ ಒಣ ಸೆನ್ಸರ್ ಅನ್ನು ಲೋಟದ ನೀರಿಗೆ ಇಳಿಸಿ ರೀಡಿಂಗ್ ನೋಡುತ್ತಿರಿ. ಒಂದೆರಡು ಸೆಕೆಂಡಿನಲ್ಲಿ ನೆಲೆಗೆ ಬರಬೇಕು. ಬಾರದಿದ್ದರೆ ಔಟ್‌ಪುಟ್ ಮತ್ತು ಗ್ರೌಂಡ್ ಪಿನ್‌ಗಳ ನಡುವೆ ಹೊರಗಿನಿಂದಲೇ 1 ಮೆಗಾ ಓಮ್ ರೆಸಿಸ್ಟರ್ ಬೆಸುಗೆ ಹಾಕಿದರೆ ಸಾಕು, ಸೆನ್ಸರ್ ಎಸೆಯಬೇಕಿಲ್ಲ.

ಎರಡನೆಯದು ಚಿಪ್. ಭೂತಗನ್ನಡಿ ಹಿಡಿದು 8 ಕಾಲಿನ ಚಿಪ್‌ನ ಮೇಲಿನ ಅಕ್ಷರ ಓದಿ. ಟಿಎಲ್‌ಸಿ555 ಇದ್ದರೆ 2 ವೋಲ್ಟ್‌ನಿಂದಲೇ ಕೆಲಸ ಮಾಡುತ್ತದೆ. ಎನ್‌ಇ555ಕ್ಕೆ ಕನಿಷ್ಠ 4.5 ವೋಲ್ಟ್ ಬೇಕು, 3.3 ವೋಲ್ಟ್‌ನಲ್ಲಿ ಅದರ ನಡೆ ನಂಬುವಂತಿಲ್ಲ, ಅದನ್ನು ಬದಲಿಸಿ.

ಮೂರನೆಯದು ರೆಗ್ಯುಲೇಟರ್. ಕೆಲವು ಬೋರ್ಡ್‌ಗಳಲ್ಲಿ ಅದರ ಜಾಗದಲ್ಲಿ ಬರೀ ಸೊನ್ನೆ ಓಮ್‌ನ ತುಂಡು ಇರುತ್ತದೆ. ಆಗ ಬ್ಯಾಟರಿ ಇಳಿದಂತೆ ರೀಡಿಂಗ್ ಕೂಡ ಇಳಿಯುತ್ತದೆ, ಅಂದರೆ ಮಣ್ಣು ದಿನದಿನಕ್ಕೆ ಹಸಿಯಾಗುತ್ತಿರುವಂತೆ ತೋರುತ್ತದೆ. ಎಲೆ ಬಾಡಿದ್ದರೂ ಶೇ 80 ತೋರಿಸುವ ತೋಟದಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಸೆನ್ಸರ್‌ಗೆ ಬ್ಯಾಟರಿಯಿಂದ ನೇರ ಕೊಡದೆ ಇಎಸ್‌ಪಿ32ರ ಸ್ಥಿರವಾದ 3.3 ವೋಲ್ಟ್ ಕೊಡಿ. ಇಂಥ ಬೋರ್ಡ್‌ಗೆ 5 ವೋಲ್ಟ್ ಕೊಟ್ಟರೆ ಔಟ್‌ಪುಟ್ 3.3 ದಾಟಿ ಪಿನ್ ಸುಡುವ ಅಪಾಯವೂ ಇದೆ.

ಬೋರ್ಡ್‌ನ ಕತ್ತರಿಸಿದ ಅಂಚುಗಳಿಂದ ನೀರು ಒಳಗೆ ಹೀರಿಕೊಂಡು ಕೆಲ ತಿಂಗಳಲ್ಲಿ ರೀಡಿಂಗ್ ಜಾರತೊಡಗುತ್ತದೆ. ಹೂಳುವ ಮೊದಲೇ ನಾಲ್ಕೂ ಅಂಚಿಗೆ ಎಪಾಕ್ಸಿ ಹಚ್ಚಿ. ಉಗುರಿನ ಬಣ್ಣ ಎರಡು ಕೋಟ್ ಹೊಡೆದರೂ ಸ್ವಲ್ಪ ಕಾಲ ತಡೆಯುತ್ತದೆ. ಬೋರ್ಡ್‌ನಲ್ಲಿ ಗುರುತಿಸಿದ ಗೆರೆಯ ಮೇಲಿನ ಬಿಡಿಭಾಗಗಳ ಜಾಗ ಮಣ್ಣಿಗೆ ಹೋಗಬಾರದು.

ಮಣ್ಣಿನಲ್ಲಿ

ಎರೆಮಣ್ಣು ಒಣಗಿದಾಗ ಬಿರುಕು ಬಿಡುತ್ತದೆ, ಬಿರುಕು ಸೆನ್ಸರ್‌ನ ಪಕ್ಕದಲ್ಲೇ ಬಿಡುವುದು ಹೆಚ್ಚು. ಒಂದು ಮಿ.ಮೀ. ಗಾಳಿಯ ಸಂದು ಇದ್ದರೂ ಸೆನ್ಸರ್ ಅಳೆಯುವುದು ಗಾಳಿಯನ್ನೇ. ಕೆಮ್ಮಣ್ಣಿನಲ್ಲಿ ಗರಸು ಕಲ್ಲು ಇದೇ ಕೆಲಸ ಮಾಡುತ್ತದೆ. ಅದೇ ಗುಂಡಿಯ ಮಣ್ಣನ್ನು ಜರಡಿ ಹಿಡಿದು, ನೀರಿನಲ್ಲಿ ಕಲಸಿ ಗಂಜಿಯಂತೆ ಮಾಡಿ, ಅದನ್ನು ಗುಂಡಿಗೆ ಸುರಿದು ಸೆನ್ಸರ್ ಒತ್ತಿ ಕೂರಿಸಿ. ಆಮೇಲೆ ಎರಡು ಮೂರು ದಿನ ಆ ರೀಡಿಂಗ್ ನಂಬಬೇಡಿ.

ಮಧ್ಯಾಹ್ನ ಒಂದು, ಬೆಳಗಿನ ಜಾವ ಇನ್ನೊಂದು ರೀಡಿಂಗ್ ಬಂದು, ಅದು ದಿನಾ ಒಂದೇ ಆಕಾರದಲ್ಲಿ ಏರಿಳಿದರೆ ಅದು ಬಿಸಿಲಿನ ಪ್ರಭಾವ. ಇದಕ್ಕೆ ಗಣಿತ ಬೇಡ: ನೀರು ಬಿಡುವ ತೀರ್ಮಾನವನ್ನು ದಿನಾ ಸೂರ್ಯೋದಯಕ್ಕೆ ಮುಂಚಿನ ರೀಡಿಂಗ್‌ನ ಮೇಲೆ ಮಾತ್ರ ಮಾಡಿ. ರಸಾವರಿ (ಡ್ರಿಪ್ ನೀರಿನಲ್ಲೇ ಕರಗಿಸಿದ ಗೊಬ್ಬರ) ಕೊಟ್ಟ ದಿನ ಮಣ್ಣು ಇರುವುದಕ್ಕಿಂತ ಹಸಿಯಾಗಿ ಕಂಡರೆ ಅದು ಗೊಬ್ಬರದ ಲವಣ.

ಶೇಕಡಾ ಲೆಕ್ಕಕ್ಕೆ ಗಾಳಿ ಮತ್ತು ನೀರಿನ ರೀಡಿಂಗ್‌ಗಳನ್ನು 0 ಮತ್ತು 100 ಎಂದು ಹಿಡಿಯುವುದೇ ಬಹುಪಾಲು ತಪ್ಪು ತೀರ್ಮಾನಗಳ ಮೂಲ. ನಿಮ್ಮ ತೋಟದ ಮಣ್ಣನ್ನೇ ಪೂರ್ತಿ ಒಣಗಿಸಿ, ಜರಡಿ ಹಿಡಿದು, 1 ಲೀಟರ್ ಗುರುತಿನ ಡಬ್ಬಿಗೆ ಒತ್ತಿ ತುಂಬಿ ರೀಡಿಂಗ್ ಬರೆಯಿರಿ. ಹೊರಗೆ ಸುರಿದು 50 ಮಿ.ಲೀ. ನೀರು ಬೆರೆಸಿ, ಸಮವಾಗಿ ಕಲಸಿ, ಅದೇ ಗುರುತಿಗೆ ಒತ್ತಿ ತುಂಬಿ ಮತ್ತೆ ಓದಿ. ಪ್ರತಿ 50 ಮಿ.ಲೀ. ಎಂದರೆ ಗಾತ್ರದಲ್ಲಿ ಶೇ 5 ತೇವ. ಐದಾರು ಬಿಂದು ಸಿಕ್ಕಾಗ ಗೆರೆ ನೇರವಾಗಿಲ್ಲದಿರುವುದು ಕಾಣುತ್ತದೆ. ಹದದ ಮೇಲಿನ ತುದಿ ತಿಳಿಯಲು ಸೆನ್ಸರ್ ಇರುವ ಪಾತಿಗೆ ಚೆನ್ನಾಗಿ ನೀರುಣಿಸಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ, ಮರಳು ಮಿಶ್ರಿತ ಕೆಮ್ಮಣ್ಣಿನಲ್ಲಿ ಒಂದು ದಿನ, ಎರೆಮಣ್ಣಿನಲ್ಲಿ ಎರಡು ಮೂರು ದಿನ ಬಿಟ್ಟು ಓದಿ.

ಪಂಪ್ ಓಡುವಾಗ ಮಾತ್ರ ಕುಣಿಯುವ ರೀಡಿಂಗ್

ಸೆನ್ಸರ್ ವೈರ್ ಪಂಪ್ ಕೇಬಲ್‌ನ ಜೊತೆ ಒಂದೇ ಪೈಪಿನಲ್ಲಿ ಹೋಗಿದ್ದರೆ 50 ಹರ್ಟ್ಜ್ ಅದಕ್ಕೆ ಅಂಟಿಕೊಳ್ಳುತ್ತದೆ. ಅನಲಾಗ್ ವೈರ್ ಒಂದು ಮೀಟರ್‌ಗಿಂತ ಉದ್ದ ಬೇಡ. ಬೋರ್ಡನ್ನೇ ಗಿಡದ ಹತ್ತಿರ ಒಯ್ಯಿರಿ. ದೂರ ಹೋಗಲೇಬೇಕಿದ್ದರೆ ಆರ್‌ಎಸ್485 (ರೀಡಿಂಗನ್ನು ಡಿಜಿಟಲ್ ಆಗಿ ದೂರಕ್ಕೆ ಕಳಿಸುವ) ಸೆನ್ಸರ್ ಹಾಕಿ, ಹೆಣೆದ ಜೋಡಿ ತಂತಿ ಎಳೆದು, ಲೈನಿನ ಎರಡೂ ತುದಿಗೆ 120 ಓಮ್ ಕೊಡಿ.

ವೈರ್ ಸರಿಪಡಿಸಿದ ಮೇಲೂ ಉಳಿಯುವ ಹಮ್ (ಆ 50 ಹರ್ಟ್ಜ್‌ನ ಗದ್ದಲ) ಅನ್ನು ಓದುವ ಕ್ರಮದಿಂದ ತೆಗೆಯಬೇಕು. ಸೆಕೆಂಡಿಗೆ ಒಂದರಂತೆ ಓದುತ್ತಿದ್ದೀರಿ, ಗ್ರಿಡ್ ಆ ಹೊತ್ತಿಗೆ 49.95 ಹರ್ಟ್ಜ್‌ನಲ್ಲಿದೆ ಎಂದುಕೊಳ್ಳಿ (ನಮ್ಮ ಗ್ರಿಡ್‌ಗೆ ನಿಗದಿಯಾದ ವ್ಯಾಪ್ತಿ 49.90ರಿಂದ 50.05). ಪ್ರತಿ ಓದಿಗೂ ಅಲೆಯ ಸ್ವಲ್ಪ ಬೇರೆ ಜಾಗ ಸಿಗುತ್ತಾ ಹೋಗಿ, 20 ಸೆಕೆಂಡಿಗೊಮ್ಮೆ ಮಣ್ಣು ಒಣಗಿ ಹಸಿಯಾದಂತೆ ಒಂದು ಸುಳ್ಳು ಅಲೆ ಮೂಡುತ್ತದೆ. ವೇಗದ ಹಮ್ ನಿಧಾನ ಬದಲಾವಣೆಯ ವೇಷ ಹಾಕಿಕೊಂಡ ಮೇಲೆ ಅದನ್ನು ನಿಜವಾದ ತೇವದಿಂದ ಬೇರ್ಪಡಿಸುವುದು ಬಲು ಕಷ್ಟ.

ಒಂದು ಪೂರ್ತಿ ಅಲೆ 20 ಮಿಲಿಸೆಕೆಂಡ್. ಆ 20 ಮಿಲಿಸೆಕೆಂಡಿನಲ್ಲಿ 0.5 ಮಿಲಿಸೆಕೆಂಡಿಗೆ ಒಂದರಂತೆ 40 ಸಲ ಓದಿ ಸರಾಸರಿ ತೆಗೆಯಿರಿ. ಅಲೆಯ ಮೇಲರ್ಧ ಕೆಳಗಿನರ್ಧವನ್ನು ಕಳೆಯುತ್ತದೆ. 100, 150 ಹರ್ಟ್ಜ್‌ಗಳೂ ಜೊತೆಗೇ ಹೋಗುತ್ತವೆ. ಗ್ರಿಡ್ 49.9ಕ್ಕೆ ಇಳಿದಿದ್ದರೂ ಉಳಿಯುವ ಹಮ್ ಮೊದಲಿನ ಶೇ 0.2ರಷ್ಟು ಮಾತ್ರ. ಇಲ್ಲಿ ಮುಖ್ಯವಾದದ್ದು 40 ಎಂಬ ಸಂಖ್ಯೆಗಿಂತ 20 ಮಿಲಿಸೆಕೆಂಡ್ ಎಂಬ ಅವಧಿ. ಅವಧಿ ಲೆಕ್ಕವಿಲ್ಲದೆ ಬಿಡುವಿಲ್ಲದಂತೆ 200 ಸಲ ಓದಿದರೂ ಅಲೆಯ ಅರ್ಧದಲ್ಲೇ ನಿಂತರೆ ಹಮ್ ಹಾಗೇ ಉಳಿಯುತ್ತದೆ. ಮೈಕ್ರೋಸೆಕೆಂಡ್ ಗಡಿಯಾರ ನೋಡಿ ಹೆಜ್ಜೆ ಹಾಕಿಸಿ.

ಸ್ಟಾರ್ಟರ್ ಬಡಿದಾಗ, ವಾಲ್ವ್ ಹೊಡೆದಾಗ ಬರುವ ಒಂಟಿ ನೆಗೆತಕ್ಕೆ ಸರಾಸರಿ ಮದ್ದಲ್ಲ. ಇಂಥ 20 ಮಿಲಿಸೆಕೆಂಡಿನ ಕಂತನ್ನು ಐದು ಸಲ ತೆಗೆದು, ಐದನ್ನು ಏರಿಕೆಯಲ್ಲಿ ಜೋಡಿಸಿ ನಡುವಿನದನ್ನು ಇಟ್ಟುಕೊಳ್ಳಿ.

ಎಂಟು ಗಂಟೆ ಹಿಂದಿನ ಮಣ್ಣು ನೋಡುವ ಫಿಲ್ಟರ್

ತೇವ ಇದ್ದರೂ ವಾಲ್ವ್ ತೆರೆಯುವುದಕ್ಕೆ ಪ್ರೋಗ್ರಾಂನ ಕಡೆಯಿಂದ ಇರುವ ದೊಡ್ಡ ಕಾರಣ ಇದು. ಹಳೆಯದರ 15 ಪಾಲು, ಹೊಸದರ 1 ಪಾಲು ಸೇರಿಸುವ ಸಾಮಾನ್ಯ ಫಿಲ್ಟರ್ ತೆಗೆದುಕೊಳ್ಳಿ. ಮೇಜಿನ ಮೇಲೆ ಸೆಕೆಂಡಿಗೊಮ್ಮೆ ಓದಿ ಪರೀಕ್ಷಿಸಿದಾಗ 16 ಸೆಕೆಂಡಿನಲ್ಲಿ ಸರಿಯಾಗಿ ಹಿಂಬಾಲಿಸುತ್ತದೆ. ಅದೇ ಪ್ರೋಗ್ರಾಂ ತೋಟಕ್ಕೆ ಹೋದಾಗ ಬ್ಯಾಟರಿ ಉಳಿಸಲು 30 ನಿಮಿಷಕ್ಕೊಮ್ಮೆ ಓದುವಂತೆ ಮಾಡುತ್ತೇವೆ. ಆಗ 16 ಓದು ಎಂದರೆ 8 ಗಂಟೆ. ನೀರು ಬಿಟ್ಟ 8 ಗಂಟೆಯ ಮೇಲೂ ಫಿಲ್ಟರ್‌ಗೆ ತಲುಪುವುದು ಬದಲಾವಣೆಯ ಶೇ 64. ಶೇ 95 ತಲುಪಲು ಪೂರ್ತಿ ದಿನ ಬೇಕು. ಕರ್ನಾಟಕದಲ್ಲಿ ನೀರಾವರಿ ಪಂಪ್‌ಸೆಟ್‌ಗಳಿಗೆ ಮೂರು ಫೇಸ್ ಕರೆಂಟ್ ದಿನಕ್ಕೆ 7 ಗಂಟೆ ಎಂಬುದು ವಾಡಿಕೆ. ಆ ಏಳೂ ಗಂಟೆ ಕಂಟ್ರೋಲರ್ ನೀರು ಬಿಡುವ ಮೊದಲಿನ ಮಣ್ಣನ್ನೇ ನೋಡುತ್ತಾ ಕೂತಿರುತ್ತದೆ.

ನಾಯ್ಸ್ ಹುಟ್ಟುವುದು ಮಿಲಿಸೆಕೆಂಡ್‌ಗಳಲ್ಲಿ. ಅದನ್ನು ತೆಗೆಯಬೇಕಾದದ್ದೂ ಅಲ್ಲೇ. ಮೇಲೆ ಹೇಳಿದ ಕಂತು ಮತ್ತು ನಡುವಿನ ಬೆಲೆ ಸರಿಯಾಗಿದ್ದರೆ, ಗಂಟೆಗಳ ಮೇಲೆ ಹಬ್ಬುವ ಫಿಲ್ಟರ್ ಬೇಕಾಗುವುದೇ ಇಲ್ಲ. ಬೇಕೆನಿಸಿದರೆ ಅರ್ಧ ಹಳೆಯದು, ಅರ್ಧ ಹೊಸದು ಸಾಕು.

ಪೂರ್ಣಾಂಕದಲ್ಲಿ ಬರೆದ ಫಿಲ್ಟರ್‌ಗೆ ಇನ್ನೊಂದು ಕಾಯಿಲೆ ಇದೆ. ಹೊಸದು ಮತ್ತು ಹಳೆಯದರ ವ್ಯತ್ಯಾಸವನ್ನು 16ರಿಂದ ಭಾಗಿಸಿ ಕೂಡುತ್ತಿದ್ದರೆ, ವ್ಯತ್ಯಾಸ 15ರವರೆಗೂ ಭಾಗಲಬ್ಧ ಸೊನ್ನೆ. ರೀಡಿಂಗ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಹದದಿಂದ ಒಣಗುವವರೆಗಿನ ಒಟ್ಟು ಬದಲಾವಣೆ 300 ಎಣಿಕೆ ಇರುವ ಮಣ್ಣಿನಲ್ಲಿ ಇದು ಶೇ 5ರ ತಪ್ಪು. ಭಾಗಾಕಾರದ ಬದಲು ಬಿಟ್ ಜರುಗಿಸಿದ್ದರೆ ಇನ್ನೂ ಕೆಟ್ಟದ್ದು: ಋಣ ವ್ಯತ್ಯಾಸ −1 ಇದ್ದರೂ ಒಂದು ಇಳಿಯುತ್ತದೆ, ಧನ ವ್ಯತ್ಯಾಸ 15 ಇದ್ದರೂ ಏರುವುದಿಲ್ಲ. ಎಂದರೆ ಯಾವಾಗಲೂ ಹಸಿಯ ಕಡೆಗೇ ವಾಲುತ್ತದೆ. ಪರಿಹಾರ: 16 ಪಟ್ಟು ದೊಡ್ಡ ಮೊತ್ತವನ್ನು ಇಟ್ಟುಕೊಳ್ಳಿ. ಮೊತ್ತ = ಮೊತ್ತ − (ಮೊತ್ತ ÷ 16) + ಹೊಸದು; ತೋರಿಸುವಾಗ ಮಾತ್ರ 16ರಿಂದ ಭಾಗಿಸಿ. 4095 × 16 = 65,520 ಆಗುವುದರಿಂದ ಈ ಮೊತ್ತ 16 ಬಿಟ್‌ನ ಚಿಹ್ನೆಸಹಿತ ಸಂಖ್ಯೆಯಲ್ಲಿ ಹಿಡಿಸದು, 32 ಬಿಟ್ ಬೇಕು.

ಕರೆಂಟ್ ಬಂದ ಕ್ಷಣದಲ್ಲಿ ತಪ್ಪು ತೀರ್ಮಾನ ಆಗುತ್ತಿದ್ದರೆ ಬೋರ್ಡ್ ರೀಸೆಟ್ ಆಗಿರಬಹುದು. ಫಿಲ್ಟರ್ ಸೊನ್ನೆಯಿಂದ ಶುರುವಾದರೆ ಸೊನ್ನೆ ವೋಲ್ಟ್ ಎಂದರೆ ಕೆಸರಿಗಿಂತ ಹಸಿ ಎಂದೇ ಅರ್ಥ, ಆ ದಿನ ನೀರೇ ಇಲ್ಲ. ಮೊದಲ ರೀಡಿಂಗನ್ನೇ ಫಿಲ್ಟರ್‌ನ ಆರಂಭದ ಬೆಲೆಯಾಗಿ ಕೊಡಿ, ರೀಸೆಟ್‌ನ ಕಾರಣವನ್ನು ಪ್ರತಿ ಸಲ ದಾಖಲಿಸಿ. ಬ್ರೌನ್‌ಔಟ್ (ವೋಲ್ಟೇಜ್ ಕುಸಿತ) ಎಂದು ಬಂದರೆ ಪವರ್ ಲೈನಿಗೆ 470ರಿಂದ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿ. ರಿಲೇ ಕಾಯಿಲ್‌ಗೆ ಅಡ್ಡವಾಗಿ 1ಎನ್4007 ಡಯೋಡ್ ಇದೆಯೇ ನೋಡಿ. ಲ್ಯಾಚಿಂಗ್ ವಾಲ್ವ್‌ಗೆ ಮಾತ್ರ ಒಂಟಿ ಡಯೋಡ್ ಹಾಕಬೇಡಿ. ಮುಚ್ಚಲು ಧ್ರುವ ತಿರುಗಿದಾಗ ಅದು ಶಾರ್ಟ್ ಆಗುತ್ತದೆ.

ನೀರಿನ ಮೀಟರ್ ಏನು ಹೇಳುತ್ತದೆ

ವಾಲ್ವ್ ತೆರೆಯಲು ಸೆನ್ಸರ್ ನೋಡಿ, ಮುಚ್ಚಲು ಲೀಟರ್ ನೋಡಿ. ಡ್ರಿಪ್ಪರ್‌ನಿಂದ ಬಿದ್ದ ನೀರು ಸೆನ್ಸರ್ ಇರುವ ಆಳಕ್ಕೆ ಇಳಿಯಲು ಹೊತ್ತು ಬೇಕು. ಸೆನ್ಸರ್ ಹಸಿಯಾದ ಮೇಲೆ ಮುಚ್ಚಿದರೆ ಮೇಲಿರುವ ನೀರು ಇಳಿಯುತ್ತಲೇ ಇದ್ದು ಬೇರಿನ ಕೆಳಗೆ ಹೋಗುತ್ತದೆ.

ಲೆಕ್ಕ ಹೀಗೆ: 250 ಗಿಡ, ಗಿಡಕ್ಕೆ ಗಂಟೆಗೆ 4 ಲೀಟರ್‌ನ ಎರಡು ಡ್ರಿಪ್ಪರ್, ಒಟ್ಟು ಗಂಟೆಗೆ 2,000 ಲೀಟರ್. 10 ಲೀಟರಿಗೆ ಒಂದು ಪಲ್ಸ್ ಕೊಡುವ ಮೀಟರ್ ಆದರೆ 18 ಸೆಕೆಂಡಿಗೊಂದು ಪಲ್ಸ್. ಎರಡರಷ್ಟು, ಮೂರರಷ್ಟು ಎಣಿಕೆ ಬಂದರೆ ರೀಡ್ ಸ್ವಿಚ್ ಮುಚ್ಚುವಾಗ ಕೆಲ ಮಿಲಿಸೆಕೆಂಡ್ ಅದುರುವುದೇ ಕಾರಣ. ಇಎಸ್‌ಪಿ32ರ ಪಲ್ಸ್ ಕೌಂಟರ್‌ನ ಒಳಗಿನ ಫಿಲ್ಟರ್ ಇದಕ್ಕೆ ಸಾಲದು, ಅದರ ಗರಿಷ್ಠ ಮಿತಿ ಸುಮಾರು 12.8 ಮೈಕ್ರೋಸೆಕೆಂಡ್. ಒಂದು ಪಲ್ಸ್ ಬಂದ ಮೇಲೆ 500 ಮಿಲಿಸೆಕೆಂಡ್ ಕಿವಿ ಮುಚ್ಚಿಕೊಳ್ಳುವಂತೆ ಬರೆಯಿರಿ. ಹತ್ತು ಪಟ್ಟು ನೀರು ಹರಿದರೂ ಪಲ್ಸ್‌ಗಳ ಅಂತರ 1.8 ಸೆಕೆಂಡ್ ಇರುತ್ತದೆ, ಯಾವುದೂ ತಪ್ಪುವುದಿಲ್ಲ.

ಪಲ್ಸ್ ನಂಬಿಕೆಗೆ ಬಂದ ಮೇಲೆ ಅದರಿಂದಲೇ ಪೈಪಿನ ದೋಷ ತಿಳಿಯುತ್ತದೆ. ಹರಿವು 1,400ಕ್ಕೆ ಇಳಿದು, ನೀರು ಸೋಸುವ ಫಿಲ್ಟರ್‌ನ ಹಿಂದೆ ಮುಂದೆ ಪ್ರೆಶರ್ ವ್ಯತ್ಯಾಸ ಚದರ ಸೆಂ.ಮೀ.ಗೆ 0.5 ಕೆ.ಜಿ. ದಾಟಿದ್ದರೆ ಫಿಲ್ಟರ್ ತೊಳೆಯಿರಿ. ಹರಿವು ಇಳಿದು ಫಿಲ್ಟರ್ ದಾಟಿದ ಮೇಲಿನ ಪ್ರೆಶರ್ ಎಂದಿಗಿಂತ ಹೆಚ್ಚಿದ್ದರೆ ಡ್ರಿಪ್ಪರ್‌ಗಳು ಕಟ್ಟಿವೆ. ಹರಿವು 2,600ಕ್ಕೆ ಏರಿ ಪ್ರೆಶರ್ ಕುಸಿದಿದ್ದರೆ ಎಲ್ಲೋ ಲ್ಯಾಟರಲ್ ತುಂಡಾಗಿದೆ ಅಥವಾ ಎಂಡ್ ಕ್ಯಾಪ್ ಕಳಚಿದೆ; ಇಲಿ, ಅಳಿಲು ಕಡಿದ ಜಾಗ ಹುಡುಕಿ. ಮುಚ್ಚುವ ಆಜ್ಞೆ ಕೊಟ್ಟ ಎರಡು ನಿಮಿಷದ ಮೇಲೂ ಪಲ್ಸ್ ಬರುತ್ತಿದ್ದರೆ ವಾಲ್ವ್‌ನ ಡಯಾಫ್ರಾಮ್‌ನಲ್ಲಿ ಮರಳು ಸಿಕ್ಕಿದೆ ಅಥವಾ ಬ್ಯಾಟರಿ ಇಳಿದು ಮುಚ್ಚುವ ಪಲ್ಸ್ ಸಾಲದೆ ಹೋಗಿದೆ. ಲ್ಯಾಚಿಂಗ್ ವಾಲ್ವ್ ಕರೆಂಟ್ ಹೋದರೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ, ಇದ್ದಲ್ಲೇ ಇರುತ್ತದೆ. ಆದ್ದರಿಂದ ಈ ಪರಿಶೀಲನೆ ಪ್ರೋಗ್ರಾಂನಲ್ಲಿ ಇರಲೇಬೇಕು.

ಬ್ಯಾಟರಿ ಮೂರು ವಾರಕ್ಕೇ ಮುಗಿದರೆ

ಪ್ರೋಗ್ರಾಂನ ಫಿಲ್ಟರ್‌ನ ಗಣಿತವನ್ನು ಹಗುರ ಮಾಡುವ ಗೋಜಿಗೆ ಹೋಗುವ ಮೊದಲು ಲೆಕ್ಕ ಹಾಕಿ. ಎಚ್ಚರವಾಗಿ ಸೆನ್ಸರ್ ನೆಲೆ ನಿಲ್ಲಲು ಕಾದು, ಐದು ಕಂತು ಓದಲು 0.8 ಸೆಕೆಂಡ್, 40 ಮಿಲಿಆಂಪ್. ವೈಫೈಗೆ 3 ಸೆಕೆಂಡ್, 100 ಮಿಲಿಆಂಪ್. ದಿನಕ್ಕೆ 48 ಸಲ ಮಾಡಿದರೂ ಎರಡೂ ಸೇರಿ ಸುಮಾರು 4.4 ಮಿಲಿಆಂಪ್ ಅವರ್, ಅದರಲ್ಲಿ ಓದಿನ ಪಾಲು ಹತ್ತರಲ್ಲಿ ಒಂದು. ಆದರೆ ಡೆವಲಪ್‌ಮೆಂಟ್ ಬೋರ್ಡ್‌ನ ರೆಗ್ಯುಲೇಟರ್, ಯುಎಸ್‌ಬಿ ಚಿಪ್, ಕೆಂಪು ಎಲ್‌ಇಡಿ ಸೇರಿ ನಿದ್ದೆಯಲ್ಲೂ 5 ಮಿಲಿಆಂಪ್ ಎಳೆಯುತ್ತಿದ್ದರೆ ದಿನಕ್ಕೆ 120. 2600 ಮಿಲಿಆಂಪ್ ಅವರ್‌ನ ಸೆಲ್ 21 ದಿನಕ್ಕೆ ಖಾಲಿ. ಬ್ಯಾಟರಿ ವೈರಿನಲ್ಲಿ ಮೀಟರ್ ಇಟ್ಟು ನಿದ್ದೆಯ ಕರೆಂಟ್ ಅಳೆಯಿರಿ. ಮಿಲಿಆಂಪ್‌ನಲ್ಲಿ ಬಂದರೆ ಬೋರ್ಡ್ ಬದಲಿಸಿ, ಇಲ್ಲವೇ ಬರೀ ಮಾಡ್ಯೂಲ್‌ಗೆ ಎಚ್‌ಟಿ7333 ಥರದ ರೆಗ್ಯುಲೇಟರ್ ಹಾಕಿ. ಅದರ ಮಿತಿ 250 ಮಿಲಿಆಂಪ್, ವೈಫೈ ಏರಿಕೆಗೆ ದೊಡ್ಡ ಕೆಪಾಸಿಟರ್ ಜೊತೆಗಿರಲಿ. ಸೆನ್ಸರ್‌ಗೂ ಓದುವಾಗ ಮಾತ್ರ ಪಿನ್ ಮೂಲಕ ಪವರ್ ಕೊಡಿ.

ವೈಫೈ ಬದಲು ಲೋರಾ (ಕಡಿಮೆ ಕರೆಂಟಿನಲ್ಲಿ ದೂರಕ್ಕೆ ಕಳಿಸುವ ರೇಡಿಯೋ) ಬಳಸುವವರು ಸ್ಪ್ರೆಡಿಂಗ್ ಫ್ಯಾಕ್ಟರ್ (ಏರಿದಷ್ಟೂ ದೂರ ತಲುಪುವ, ಆದರೆ ಹೊತ್ತು ಹಿಡಿಯುವ ಸೆಟ್ಟಿಂಗ್) ನೋಡಿ: 125 ಕಿಲೋಹರ್ಟ್ಜ್‌ನಲ್ಲಿ 20 ಬೈಟ್ ಕಳಿಸಲು 7ರಲ್ಲಿ 57 ಮಿಲಿಸೆಕೆಂಡ್ ಸಾಕು, 12ರಲ್ಲಿ 1.3 ಸೆಕೆಂಡ್ ಬೇಕು. ಮೂರು ಎಕರೆ ಬಯಲಿಗೆ 12 ಬೇಕಾಗುವುದಿಲ್ಲ. ಆಂಟೆನಾವನ್ನು ಬೆಳೆಯ ಮೇಲಕ್ಕೆ ಎತ್ತಿ ಕಟ್ಟಿ, 7ರಿಂದ ಶುರುಮಾಡಿ, ಪ್ಯಾಕೆಟ್ ತಪ್ಪಿದರೆ ಮಾತ್ರ ಒಂದೊಂದೇ ಏರಿಸಿ.

ರಿಪೇರಿ ಆದ ಮೇಲೆ ಮೂರು ದಿನ ವಾಲ್ವ್ ಅನ್ನು ಕೈಯಲ್ಲೇ ತೆರೆದು ಮುಚ್ಚಿ, ಕಂಟ್ರೋಲರ್ ಬರೀ ಬರೆದಿಡಲಿ. ದಿನಾ ಬೆಳಿಗ್ಗೆ ಸೆನ್ಸರ್‌ನ ಪಕ್ಕದಲ್ಲಿ ಒಂದು ಗೇಣು ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಉಂಡೆ ಕಟ್ಟಿ ನೋಡಿ, ಅದರ ಎದುರಿಗೆ ರೀಡಿಂಗ್ ಬರೆಯಿರಿ. ಎರಡೂ ಮೂರು ದಿನ ಒಂದೇ ಮಾತು ಹೇಳಿದ ಮೇಲೆ ವಾಲ್ವ್‌ನ ವೈರ್ ಮತ್ತೆ ಜೋಡಿಸಿ.